ಹಾರ್ಲೆಮ್‌ನಲ್ಲಿ ತಂಗಿ ಕಾಲೇಜು ಸೇರಿದ್ದು

ಹಾರ್ಲೆಮ್: ಮೊದಲ ಬೆಳಗು

ನಾನು ನೆದರ್ಲೆಂಡ್ಸಿಗೆ ಹೋದದ್ದು ಹೂವು ನೋಡಲು. ಅಲ್ಲಿ ಟ್ಯುಲಿಪ್ ಅರಳುವುದೂ ನಮ್ಮ ಶಾಲೆಗೆ ರಜೆ ಸಿಗುವುದೂ ಏಪ್ರಿಲಿನಲ್ಲೇ. ಕಾರ್ಕಳದ ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಗಣಿತ ಕಲಿಸುತ್ತಿರುವ ನನಗೆ ಅದು ಮೊದಲ ವಿದೇಶ ಪ್ರಯಾಣ. ಹೂವು ನೋಡಿದ್ದು ಒಂದೇ ದಿನ, ಅದೂ ಕೊಡೆ ಹಿಡಿದುಕೊಂಡು. ಉಳಿದಂತೆ ನಾನು ಹೆಚ್ಚು ಸಲ ಹೋದ ಜಾಗ ಒಂದು ಕಾಲೇಜು.

ತಂಗಿ ರೇವತಿ ನನಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವಳು. ಗಂಡ ಪ್ರಕಾಶ ಬೆಂಗಳೂರಿನವನು, ಯುಟ್ರೆಕ್ಟ್‌ನಲ್ಲಿ ಐಟಿ ಕೆಲಸ, ದಿನಾ ರೈಲಿನಲ್ಲಿ ಹೋಗಿಬರುತ್ತಾನೆ. ಮಗಳು ಅನಘಾಳಿಗೆ ಹನ್ನೆರಡು. ಅವರ ಮನೆ ರಸ್ತೆಗೆ ತಾಗಿಕೊಂಡೇ ಇದೆ. ಕಿಟಕಿ ದೊಡ್ಡದು, ಪರದೆ ಇಲ್ಲ. ನಾನು ಬೆಳಿಗ್ಗೆ ತಲೆ ಬಾಚುತ್ತಿದ್ದಾಗ ನಾಯಿ ಹಿಡಿದುಕೊಂಡು ಹೋಗುತ್ತಿದ್ದವರೊಬ್ಬರು ಒಳಗೆ ನೋಡಿ ಕೈಬೀಸಿದರು. ನಮ್ಮಲ್ಲಿ ಪರದೆ ಸ್ವಲ್ಪ ಸರಿದರೆ ಯಾರು ಇಣುಕುತ್ತಿದ್ದಾರೆ ಎಂದು ಕೇಳುತ್ತೇವೆ. ಅಲ್ಲಿ ಪರದೆ ಎಳೆದರೆ ಒಳಗೆ ಏನು ನಡೆಯುತ್ತಿದೆ ಎಂದು ಯೋಚಿಸುತ್ತಾರಂತೆ.

ಅನಘಾ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ಮೇಲೆ ಸಾಸಿವೆಕಾಳಿನಷ್ಟು ಸಣ್ಣ ಚಾಕೊಲೇಟು ಚೂರುಗಳನ್ನು ಉದುರಿಸಿಕೊಳ್ಳುತ್ತಿದ್ದಳು. ಆ ದೇಶದಲ್ಲಿ ಅದು ತಿಂಡಿ. ರೇವತಿ ನನಗೆ ನೀರುದೋಸೆ ಹಾಕುತ್ತಾ, ಬೆನ್ನು ತಿರುಗಿಸಿಕೊಂಡೇ ಹೇಳಿದಳು. ನಾವು ಅಕ್ಕತಂಗಿ ಮಾತಾಡುವುದು ತುಳು. ಇಲ್ಲಿ ಅದನ್ನು ನಮ್ಮ ಕಡೆಯ ಕನ್ನಡಕ್ಕೆ ತಂದಿದ್ದೇನೆ.

"ಅಕ್ಕ, ಗುರುವಾರ ಕಾಲೇಜಿಗೆ ಹೋಗ್ಲಿಕ್ಕುಂಟು. ನೀನೂ ಬರ್ತೀಯಾ?"

"ಅನಘಾಳ ಕಾಲೇಜಾ? ಅವಳಿಗಿನ್ನೂ ಹನ್ನೆರಡು ಅಲ್ವಾ?"

"ಅವಳದ್ದಲ್ಲ. ನಂದು."

ವಿಷಯ ಹೀಗಿತ್ತು. ಅವಳು ಎರಡು ವರ್ಷಗಳಿಂದ ಹತ್ತಿರದ ಒಂದು ವೃದ್ಧರ ಮನೆಗೆ ವಾರಕ್ಕೆ ಎರಡು ಬೆಳಿಗ್ಗೆ ಹೋಗಿ, ಸಂಬಳವಿಲ್ಲದೆ, ಅಲ್ಲಿರುವವರಿಗೆ ಕಾಫಿ ಕೊಟ್ಟು ಮಾತಾಡಿಸಿ ಬರುತ್ತಿದ್ದಳು. ಆರೈಕೆಯ ಕೋರ್ಸು ಮುಗಿಸಿದರೆ ಕೆಲಸವನ್ನೇ ಕೊಡುತ್ತೇವೆ ಎಂದು ಅಲ್ಲಿಯವರು ಹೇಳಿದ್ದರು. ಕೋರ್ಸು ಇರುವ ಕಾಲೇಜು ನಮ್ಮ ಐಟಿಐ, ಪಿಯು ಕಾಲೇಜು, ರಾತ್ರಿಶಾಲೆ ಮೂರನ್ನೂ ಒಂದೇ ಕಟ್ಟಡದಲ್ಲಿ ಇಟ್ಟಂಥದ್ದು. ವಯಸ್ಸಿನ ಮಿತಿ ಇಲ್ಲ. ಆದರೆ ಕೋರ್ಸಿಗೆ ಮೊದಲು ಡಚ್ ಭಾಷೆ ಗಟ್ಟಿಯಾಗಬೇಕು, ಅದಕ್ಕೆ ತಯಾರಿಯ ತರಗತಿಗಳಿವೆ.

"ಆರೈಕೆ ಅಂದ್ರೆ? ಮುದುಕರನ್ನು ಮೀಯಿಸುದು, ಬಟ್ಟೆ ಬದಲಾಯಿಸುದು, ಅದೆಲ್ಲವಾ?"

"ಹೌದು. ಅದೆಲ್ಲ."

ನಾನು ದೋಸೆ ಮುರಿದೆ. ನನ್ನ ಮುಖದಲ್ಲಿ ಏನು ಕಂಡಿತೋ, ಅವಳು ಕಾವಲಿಯ ಕಡೆ ತಿರುಗಿಬಿಟ್ಟಳು.

ಗುರುವಾರ: ಕಾಲೇಜಿನ ಎರಡನೇ ಮಹಡಿ

ಕಾಲೇಜಿನ ಮುಂದೆ ನಿಂತಿದ್ದ ಸೈಕಲುಗಳನ್ನು ಎಣಿಸಲು ಹೋಗಿ ಬಿಟ್ಟುಬಿಟ್ಟೆ. ಒಳಗೆ ತಲೆಗೆ ಹಸಿರು ಬಣ್ಣ ಹಚ್ಚಿದ ಹದಿನೇಳರ ಹುಡುಗಿ, ಅವಳ ಪಕ್ಕ ನನಗಿಂತ ಹಿರಿಯ ಗಂಡಸು, ಇಬ್ಬರ ಕೈಯಲ್ಲೂ ಒಂದೇ ಪುಸ್ತಕ.

ಸಲಹೆಗಾರ್ತಿಯ ಹೆಸರು ಮಾರೈಕೆ. ಆರಡಿ ಎತ್ತರ, ಕತ್ತರಿಸಿದ ಬಿಳಿ ಕೂದಲು. ಕೈಕುಲುಕಿ ಹೆಸರು ಹೇಳಿದಳು, ಮುಂದೆ ಮೇಡಮ್ ಗೀಡಮ್ ಏನೂ ಇಲ್ಲ. ತಂಗಿಯೊಡನೆ ಡಚ್ಚಿನಲ್ಲಿ ಮಾತು, ನನಗೆ ತಿಳಿಯಲೆಂದು ಅದನ್ನೇ ಮತ್ತೆ ಇಂಗ್ಲಿಷಿನಲ್ಲಿ. ನೀವು ಎಲ್ಲಿಯವರೆಗೆ ಓದಿದ್ದೀರಿ ಎಂದು ರೇವತಿಯನ್ನು ಕೇಳಿದಳು. ರೇವತಿ ಉತ್ತರ ಹುಡುಕುತ್ತಿದ್ದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ, ಬಿಎ, ಅಂಚೆ ಮೂಲಕ. ಓದುವಾಗ ಏನು ಕಷ್ಟ ಎಂದು ಕೇಳಿದಳು. ಏಕಾಗ್ರತೆ ಸಾಲದು, ಚಿಕ್ಕಂದಿನಿಂದಲೂ ಹಾಗೆಯೇ ಎಂದೆ. ಮೂರನೆಯ ಪ್ರಶ್ನೆಗೂ ನಾನು ಬಾಯಿ ತೆರೆದಾಗ ಮಾರೈಕೆ ಪೆನ್ನು ಕೆಳಗಿಟ್ಟಳು.

"ನನಗೆ ರೇವತಿಯ ಉತ್ತರ ಬೇಕು. ನೀವು ಹೊರಗೆ ಕಾಯುತ್ತೀರಾ? ಕಾಫಿ ಯಂತ್ರ ಎಡಗಡೆ ಇದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ನಮ್ಮಲ್ಲಿ ಯಾರನ್ನಾದರೂ ಹೊರಗೆ ಕಳಿಸಬೇಕಿದ್ದರೆ ನಾಲ್ಕು ಸುತ್ತು ಮಾತಾಡಿ, ಕೊನೆಗೆ ಅವರೇ ಎದ್ದು ಹೋಗುವಂತೆ ಮಾಡುತ್ತೇವೆ. ವರ್ಷಕ್ಕೆ ಎಷ್ಟೋ ತಂದೆತಾಯಿಯರನ್ನು ಬಾಗಿಲ ಹೊರಗೆ ಕೂರಿಸುವ ನಾನು ಆ ದಿನ ಬೆಂಚಿನ ಮೇಲೆ ಕೂತೆ. ಯಂತ್ರದ ಯಾವುದೋ ಗುಂಡಿ ಒತ್ತಿದ್ದಕ್ಕೆ ಕಾಫಿಯ ಬದಲು ಟೊಮೆಟೊ ಸೂಪು ಬಂತು. ಅದನ್ನೇ ಕುಡಿದೆ.

ಅರ್ಧ ಗಂಟೆಯ ಮೇಲೆ ರೇವತಿ ಒಂದು ಹಾಳೆ ಹಿಡಿದು ಬಂದಳು.

"ಮಾತು ಒಳ್ಳೇದುಂಟಂತೆ. ಓದುದು ಸಾಲದಂತೆ. ಮತ್ತೆ... ನಂಗೆ ಹೇಗೆ ಕಲಿಯುದು ಅಂತಲೇ ಗೊತ್ತಿಲ್ವಂತೆ."

"ಹಾಗೆ ಮುಖಕ್ಕೇ ಹೇಳಿದ್ಳಾ?"

"ಇಲ್ಲಿ ಹಾಗೇ ಹೇಳುದು, ಅಕ್ಕ."

ಹಾಳೆಯಲ್ಲಿ ಎರಡು ದಾರಿ ಬರೆದಿತ್ತು. ಒಂದು, ವೇಗದ ಭಾಷಾ ತರಗತಿ. ಅದು ಸರಿಹೋದರೆ ಬರುವ ವರ್ಷದ ಫೆಬ್ರವರಿಯಲ್ಲೇ ಆರೈಕೆಯ ಕೋರ್ಸಿಗೆ ಸೇರಬಹುದು. ಇನ್ನೊಂದು, ನಿಧಾನದ ಭಾಷಾ ತರಗತಿ, ಜೊತೆಗೆ ವಾರಕ್ಕೊಮ್ಮೆ 'ಲೇರೆನ್ ಲೇರೆನ್'. ಹಾಗೆಂದರೆ ಕಲಿಯುವುದನ್ನು ಕಲಿಯುವುದು: ದೊಡ್ಡ ಪಾಠವನ್ನು ಹೇಗೆ ಓದಬೇಕು, ವಾರವನ್ನು ಹೇಗೆ ಹಂಚಿಕೊಳ್ಳಬೇಕು, ಅರ್ಥವಾಗದಿದ್ದರೆ ಹೇಗೆ ಕೇಳಬೇಕು ಇತ್ಯಾದಿ. ಈ ದಾರಿ ಹಿಡಿದರೆ ಕೋರ್ಸು ಆ ವರ್ಷದ ಸೆಪ್ಟೆಂಬರಿಗೆ. ಎರಡರ ವೇಳೆಯೂ ಒಂದಕ್ಕೊಂದು ಅಡ್ಡ ಬರುವುದರಿಂದ ಬೆರೆಸಿಕೊಳ್ಳಲು ಆಗುವುದಿಲ್ಲ. ಒಂದೊಂದು ದಿನ ಎರಡರಲ್ಲೂ ಕೂತು ನೋಡಿ ತೀರ್ಮಾನಿಸಬಹುದು.

"ಇದರಲ್ಲಿ ಯೋಚಿಸ್ಲಿಕ್ಕೆ ಎಂತ ಉಂಟು? ವೇಗದ್ದು ತಗೊ," ಎಂದೆ.

ಯುಟ್ರೆಕ್ಟ್‌ಗೆ ಹೋಗುವ ರೈಲು

ಶನಿವಾರ ಪ್ರಕಾಶ ನಮ್ಮನ್ನು ಯುಟ್ರೆಕ್ಟ್ ತೋರಿಸಲು ಕರೆದುಕೊಂಡು ಹೋದ. ರೈಲಿನಲ್ಲಿ ಕೂತ ಕೂಡಲೇ ಮತ್ತೆ ಅದೇ ಮಾತು ಎತ್ತಿದ್ದು ನಾನೇ.

"ಅಕ್ಕ, ನೀವೇ ಸ್ವಲ್ಪ ಹೇಳಿ. ನಿಮ್ ಮಾತಾದ್ರೆ ಕೇಳ್ತಾಳೆ," ಎಂದ ಪ್ರಕಾಶ. "ಫಾಸ್ಟ್ ಟ್ರ್ಯಾಕ್ ತಗೊಂಡ್ರೆ ಬೇಗ ಮುಗಿಯತ್ತೆ. ಆ ಸ್ಟಡಿ ಸ್ಕಿಲ್ಸ್ ಎಲ್ಲಾ ಯೂಟ್ಯೂಬಲ್ಲೇ ಇದೆ."

"ಸರಿಯಾಗಿ ಹೇಳಿದಿರಿ. ನಲವತ್ತೊಂದು ವರ್ಷ ಆಯ್ತು ಇವಳಿಗೆ. ಕಲಿಯುದು ಹೇಗೆ ಅಂತ ಇನ್ನು ಕಲಿಯುದಾ? ನಾನು ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಡುವ ವಿಷಯ ಅದು!"

ನನ್ನದು ತರಗತಿಯ ಕೊನೆಯ ಬೆಂಚಿಗೆ ಕೇಳಿಸಿ ರೂಢಿಯಾದ ದನಿ. ಎದುರಿನ ಸೀಟಿನ ಯುವಕ ಪುಸ್ತಕದಿಂದ ತಲೆಯೆತ್ತಿ ಕಿಟಕಿಯ ಗಾಜನ್ನು ಬೆರಳಿನಿಂದ ತೋರಿಸಿದ. ಹೊರಗೆ ದನಗಳು ಮೇಯುತ್ತಿದ್ದವು. ಚೆನ್ನಾಗಿವೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿ ನಕ್ಕೆ. ಅವನು ಮತ್ತೆ ಗಾಜನ್ನೇ ತೋರಿಸಿದ. ಆಗ ಅನಘಾ ನನ್ನ ಕಿವಿಯಲ್ಲಿ, "ದೊಡ್ಡಮ್ಮ, ಇಟ್ಸ್ ದ ಸೈಲೆಂಟ್ ಕೋಚ್," ಎಂದಳು. ಗಾಜಿನ ಮೇಲೆ ಅದನ್ನೇ ಬರೆದಿದ್ದರು. ಆ ಬೋಗಿಯಲ್ಲಿ ಮಾತಾಡಬಾರದು.

ಮುಂದಿನ ನಿಲ್ದಾಣದವರೆಗೆ ನಾಲ್ವರೂ ಸುಮ್ಮನೆ ಕೂತೆವು. ರೇವತಿಯ ತುಟಿಯಲ್ಲಿ ಸಣ್ಣ ನಗು ಇತ್ತು. ಅದು ಯುವಕನಿಗೆ ಸಲ್ಲಬೇಕಾದ ಕೃತಜ್ಞತೆ ಎಂದು ಈಗ ಅನಿಸುತ್ತದೆ. ಆಗ ನನಗೆ ಅದು ಒಪ್ಪಿಗೆಯ ಹಾಗೆ ಕಂಡಿತು.

ಮಂಗಳವಾರ: ವೇಗದ ತರಗತಿ

ಮಂಗಳವಾರ ಅವಳು ವೇಗದ ತರಗತಿಯಲ್ಲಿ ಕೂತು ನೋಡಲು ಹೋದಳು. ಆಮೇಲೆ ನಾನು ಹೋಗಿ ಸೇರಿಕೊಳ್ಳುವುದು, ಇಬ್ಬರೂ ಮಾರುಕಟ್ಟೆಗೆ ಹೋಗುವುದು ಎಂದು ಮಾತಾಗಿತ್ತು. ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಅನಘಾಳನ್ನು ಕೇಳಿದೆ.

"ಹಾಲ್ಫ್ ಟ್ವಾಲ್ಫ್," ಎಂದು ಅವಳು ಸೈಕಲ್ ಹತ್ತಿದಳು.

ಟ್ವಾಲ್ಫ್ ಎಂದರೆ ಹನ್ನೆರಡು ಎಂಬುದು ನನಗೆ ಗೊತ್ತಿತ್ತು. ಹನ್ನೆರಡೂವರೆ, ಬೇಕಾದಷ್ಟು ಸಮಯವಿದೆ ಎಂದು ಅನ್ನಕ್ಕಿಟ್ಟು, ಸಾರು ಮಾಡಿ, ನಡೆದುಕೊಂಡು ಹೊರಟೆ. ಡಚ್ಚರು ಗಂಟೆ ಎಣಿಸುವುದು ಬೇರೆ ಥರ ಎಂದು ಆಮೇಲೆ ತಿಳಿಯಿತು. ಹನ್ನೆರಡರ ಅರ್ಧ ಎಂದರೆ ಹನ್ನೆರಡಾಗಲು ಅರ್ಧ ಗಂಟೆ ಬಾಕಿ, ಅಂದರೆ ಹನ್ನೊಂದೂವರೆ. ಗಣಿತದ ಟೀಚರು ಒಂದು ಗಂಟೆ ತಡವಾಗಿ ತಲುಪಿದಳು.

ರೇವತಿ ಸೈಕಲ್ ನಿಲ್ಲಿಸುವ ಶೆಡ್ಡಿನ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದಳು. ಕಣ್ಣು ಕೆಂಪಾಗಿತ್ತು. ತಡವಾದದ್ದಕ್ಕೆ ಏನೋ ಹೇಳಹೊರಟೆ. ಅವಳಿಗೆ ಅದು ಬೇಕಿರಲಿಲ್ಲ.

"ಒಂದು ಪುಟ ಕೊಟ್ರು ಓದ್ಲಿಕ್ಕೆ. ಎಂಟು ನಿಮಿಷ. ಎಲ್ಲರೂ ತಿರುಗಿಸಿ ಬರೀತಾ ಇದ್ರು. ನಾನು ಮೂರನೇ ಸಾಲಿನಲ್ಲೇ. ಅಕ್ಷರ ಎಲ್ಲ ಕಾಣ್ತದೆ, ಒಳಗೆ ಹೋಗುದಿಲ್ಲ. ಎದ್ದು ಬಂದುಬಿಟ್ಟೆ."

"ಮೊದಲ ದಿನ ಅಲ್ವಾ? ಅಭ್ಯಾಸ ಆಗ್ತದೆ. ದಿನಾ ಎರಡು ಗಂಟೆ ಕೂತ್ರೆ..."

"ಅಕ್ಕ." ಅವಳು ನನ್ನ ಕಡೆ ತಿರುಗಿದಳು. "ಪಿಯುಸಿಗೂ ನೀನು ಹೀಗೇ ಹೇಳಿದ್ದು. ದಿನಾ ಎರಡು ಗಂಟೆ."

ಇಪ್ಪತ್ತೈದು ವರ್ಷದಲ್ಲಿ ನಾವಿಬ್ಬರೂ ಆ ವಿಷಯ ಮಾತಾಡಿರಲಿಲ್ಲ. ಎಸೆಸೆಲ್ಸಿಯಲ್ಲಿ ಅವಳಿಗೆ ಫಸ್ಟ್ ಕ್ಲಾಸು ಬಂದಿತ್ತು. ನಾನು ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು, ಮನೆಯಲ್ಲಿ ನನ್ನ ಮಾತೇ ಮಾತು. ಅವಳಿಗೆ ಆರ್ಟ್ಸ್ ಬೇಕಿತ್ತು. ಅವಳು ರಜೆಯಲ್ಲಿ ಅಜ್ಜಿಮನೆಗೆ ಹೋಗಿದ್ದಾಗ ನಾನು ಸಯನ್ಸಿಗೆ ಅರ್ಜಿ ತುಂಬಿ, ಅಪ್ಪನ ಸಹಿ ಹಾಕಿಸಿ, ಕೊಟ್ಟುಬಂದೆ. ಎರಡನೇ ಪಿಯುಸಿಯಲ್ಲಿ ಅವಳು ಎರಡು ಸಲ ಫೇಲಾಗಿ, ಮೂರನೇ ಸಲ ಹೇಗೋ ದಾಟಿದಳು. ಫೇಲಾದದ್ದು ಎರಡು ಸಲವೂ ಗಣಿತದಲ್ಲಿ. ನಾನೇ ಹೇಳಿಕೊಟ್ಟ ಗಣಿತದಲ್ಲಿ.

"ಅರ್ಜಿಯಲ್ಲಿ ನನ್ನ ಅಕ್ಷರ ಕೂಡ ಇರಲಿಲ್ಲ," ಎಂದಳು. "ಫೇಲಾದ್ದಕ್ಕೆ ಇಷ್ಟು ವರ್ಷ ನಾಚಿಕೆ ಪಟ್ಟದ್ದು ಮಾತ್ರ ನಾನು."

ಸೈಕಲುಗಳನ್ನು ತೆಗೆದುಕೊಂಡು ಮಕ್ಕಳು ಹೋಗುತ್ತಿದ್ದರು. ನಾನು ಏನಾದರೂ ಹೇಳಬೇಕಿತ್ತು. ಒಳ್ಳೆಯದಕ್ಕೇ ಮಾಡಿದೆ ಎಂಬ ಮಾತು ಬಾಯಿಯವರೆಗೆ ಬಂತು. ಅದು ಸುಳ್ಳಲ್ಲ, ಆದರೆ ಆ ಕಟ್ಟೆಯ ಮೇಲೆ ಕೂತು ಹೇಳುವಂಥದ್ದೂ ಆಗಿರಲಿಲ್ಲ.

"ತಪ್ಪು ನಂದು ರೇವತಿ," ಎಂದೆ. "ಗೊತ್ತಿತ್ತು ನಂಗೆ. ಹೇಳ್ಲಿಕ್ಕೆ ಆಗಿರಲಿಲ್ಲ."

ಅವಳು ತಲೆಯಾಡಿಸಿದಳು. ಕ್ಷಮಿಸಿದೆ ಎಂದಲ್ಲ, ಕೇಳಿಸಿತು ಎನ್ನುವ ಹಾಗೆ. ಮಾರುಕಟ್ಟೆಗೆ ಹೋಗಲಿಲ್ಲ. ಮನೆಗೆ ಹೋಗಿ ಅನ್ನ ಸಾರು ಉಂಡೆವು.

ಗುರುವಾರ: ಕಲಿಯುವುದನ್ನು ಕಲಿಯುವ ಕೋಣೆ

ಗುರುವಾರ ಇನ್ನೊಂದು ತರಗತಿ. ಹಿಂದೆ ಕೂತು ನೋಡಲು ಮನೆಯವರಿಗೂ ಅವಕಾಶವಿತ್ತು. "ಬೇಕಾದ್ರೆ ಬಾ," ಎಂದಳು ರೇವತಿ. ಹೋದೆ.

ಪಾಠ ಮಾಡುವವನ ಹೆಸರು ಹಾನ್ಸ್. ಸಂತೆಗೆ ಹೊರಟವನ ಹಾಗೆ ಬಟ್ಟೆಚೀಲ ನೇತುಹಾಕಿಕೊಂಡು ಬಂದ. ರೇವತಿ ಎದ್ದು ನಿಂತಳು. ಬೇರೆ ಯಾರೂ ನಿಲ್ಲಲಿಲ್ಲ. ಹಾನ್ಸ್ ಬಾಗಿಲ ಕಡೆ ತಿರುಗಿ, ಯಾರಾದರೂ ದೊಡ್ಡವರು ಬಂದರೇ ಎಂದು ನೋಡಿದ. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಅಂದಿನ ಕೆಲಸ ಇಷ್ಟೆ: ನೀವು ಚೆನ್ನಾಗಿ ಕಲಿತ ಒಂದು ವಿಷಯ ನೆನಪಿಸಿಕೊಳ್ಳಿ. ಅದನ್ನು ಹೇಗೆ ಕಲಿತಿರಿ ಎಂದು ಹೇಳಿ. ಶಾಲೆಯದೇ ಆಗಬೇಕಿಲ್ಲ. ಎರಿಟ್ರಿಯಾದಿಂದ ಬಂದ ಸೆಲಾಮ್ ಎಂಬಾಕೆ, ಕೂದಲು ಹೆಣೆಯುವುದನ್ನು ಕಲಿತದ್ದು ಮೊದಲು ಹುಲ್ಲಿನ ಮೇಲೆ ಎಂದು ಕೈಮಾಡಿ ತೋರಿಸಿದಳು. ರೇವತಿಯ ಸರದಿ ಬಂತು. ಅವಳು ಡಚ್ಚಿನಲ್ಲಿ ಹೇಳಿದ್ದನ್ನು ಆಮೇಲೆ ನನಗೆ ಬಿಡಿಸಿ ಹೇಳಿದಳು.

ವೃದ್ಧರ ಮನೆಯಲ್ಲಿ ಮೂವತ್ತು ಜನ. ಯಾರಿಗೆ ಸಕ್ಕರೆ ಬೇಕು, ಯಾರಿಗೆ ಹಾಲು ಬೇಡ, ಯಾರ ಕೈ ನಡುಗುವುದರಿಂದ ಲೋಟ ಅರ್ಧವೇ ತುಂಬಬೇಕು, ಎಲ್ಲ ಅವಳು ಮೂರೇ ಸಲದಲ್ಲಿ ಕಲಿತಿದ್ದಳು. ಹೇಗೆಂದರೆ, ಮನೆಗೆ ಬಂದು ಕುರ್ಚಿಗಳ ಚಿತ್ರ ಬರೆದು, ಒಂದೊಂದು ಕುರ್ಚಿಯಲ್ಲಿ ಒಬ್ಬೊಬ್ಬರನ್ನು ಕೂರಿಸಿ, ಪಾತ್ರೆ ತೊಳೆಯುತ್ತಾ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮನಸ್ಸಿನಲ್ಲೇ ಕಾಫಿ ಕೊಡುತ್ತಾ ಹೋಗುತ್ತಿದ್ದಳಂತೆ.

"ಇದು ಒಂದು ವಿಧಾನ," ಎಂದ ಹಾನ್ಸ್. "ಓದುವಾಗ ಇದನ್ನು ಯಾಕೆ ಬಳಸುವುದಿಲ್ಲ?"

ಅದನ್ನು ವಿಧಾನ ಎನ್ನುತ್ತಾರೆ, ಅದು ತನ್ನದು, ಎಂದು ರೇವತಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ನಾನು ಹೇಳಿಕೊಟ್ಟದ್ದೆಲ್ಲ ನನ್ನ ವಿಧಾನ: ಬರೆ, ಮತ್ತೆ ಬರೆ, ಹತ್ತು ಸಲ ಬರೆ.

ಹಾನ್ಸ್ ಹಿಂದಿನ ಸಾಲಿಗೆ ಬಂದು ನನ್ನನ್ನೂ ಇಂಗ್ಲಿಷಿನಲ್ಲಿ ಕೇಳಿದ. ನೀವು ಶಿಕ್ಷಕಿಯಂತೆ, ನೀವು ಹೇಗೆ ಕಲಿಯುತ್ತೀರಿ? ನಾನು ಹೇಗೆ ಕಲಿಸುತ್ತೇನೆ ಎಂದು ಹೇಳತೊಡಗಿದೆ. ಅವನು ತಾಳ್ಮೆಯಿಂದ ಕೇಳಿ, ಅದಲ್ಲ, ನೀವು ಇತ್ತೀಚೆಗೆ ಏನು ಕಲಿತಿರಿ ಎಂದ. ಶಾಲೆಯ ವರ್ಷಗಳನ್ನೆಲ್ಲ ಮನಸ್ಸಿನಲ್ಲೇ ತಡಕಾಡಿದೆ. ಕೊನೆಗೆ, ಹನ್ನೆರಡರ ಅರ್ಧ ಎಂದರೆ ಹನ್ನೊಂದೂವರೆ ಎಂದು ಕಲಿತೆ ಎಂದೆ. ಅಲ್ಲಿದ್ದವರೆಲ್ಲರೂ ಅದೇ ಹಳ್ಳದಲ್ಲಿ ಬಿದ್ದು ಎದ್ದವರೇ. ನಗು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

ಮತ್ತೆ ಎರಡನೇ ಮಹಡಿ

ಮರುವಾರ ಹಾಳೆ ಒಪ್ಪಿಸುವ ದಿನ. ದಾರಿಯಲ್ಲಿ ಕಾಲುವೆಯ ಸೇತುವೆ ಎತ್ತಿದ್ದರು. ದೋಣಿ ದಾಟುವವರೆಗೆ ಕಾರು, ಸೈಕಲು, ಹಳದಿ ಬಣ್ಣದ ಒಂದು ವ್ಯಾನು, ಎಲ್ಲವೂ ಹಾರ್ನ್ ಇಲ್ಲದೆ ನಿಂತಿದ್ದವು. ಅಲ್ಲಿ ನಿಂತುಕೊಂಡು ನಾನು ಹೇಳಿದೆ.

"ರೇವತಿ, ನಂಗೆ ಈಗ ಅನಿಸ್ತದೆ, ಆ ನಿಧಾನದ್ದೇ ಒಳ್ಳೇದು. ಹಾನ್ಸ್‌ದು. ನೀನು ಅದನ್ನೇ ತಗೊ. ಪ್ರಕಾಶನಿಗೆ ನಾನು ಹೇಳ್ತೇನೆ."

ಅವಳು ನಗತೊಡಗಿದಳು. "ಅಕ್ಕ, ನೀನು ಈಗಲೂ ಹೇಳ್ತಾನೇ ಇದ್ದಿ ಮಾರಾಯ್ತಿ!"

ಬಾಯಿ ಮುಚ್ಚಿಕೊಂಡೆ. ಪ್ರಕಾಶನಿಗೆ ನಾನು ಹೇಳಬೇಕಾದ್ದು ಏನೂ ಇರಲಿಲ್ಲ. ಹಿಂದಿನ ಸಂಜೆಯೇ ಗಂಡ ಹೆಂಡತಿ ಮಾತಾಡಿಕೊಂಡಿದ್ದರಂತೆ. "ಆರೇಳು ತಿಂಗಳು ಲೇಟ್ ಆದ್ರೆ ಆಗ್ಲಿ ಬಿಡು. ನೀನು ಡಿಸೈಡ್ ಮಾಡು," ಎಂದಿದ್ದನಂತೆ ಅವನು. ಮಾರೈಕೆಯ ಕೋಣೆಯ ಮುಂದೆ ನಾನು ಯಾರೂ ಹೇಳದೆಯೇ ಬೆಂಚಿನ ಮೇಲೆ ಕೂತೆ. ಒಳಗಿನಿಂದ ತಂಗಿಯ ದನಿ ಕೇಳುತ್ತಿತ್ತು. ಗಂಟಲಿನ ಒಳಗಿಂದ ಬರುವ ಆ ಭಾಷೆಯ ಖರಖರ ಅವಳ ಬಾಯಲ್ಲಿ ಸರಾಗವಾಗಿತ್ತು. ಅವಳು ಏನು ಹೇಳುತ್ತಿದ್ದಾಳೆಂದು ಒಂದು ಶಬ್ದವೂ ನನಗೆ ತಿಳಿಯಲಿಲ್ಲ.

ಹೊರಗೆ ಬಂದವಳು ಹಾಳೆ ತೋರಿಸಿದಳು. ಎರಡನೆಯ ದಾರಿಗೆ ಗುರುತು ಹಾಕಿತ್ತು. ಕೆಳಗೆ, ಯಾಕೆ ಎಂಬ ಜಾಗದಲ್ಲಿ, ಅವಳದೇ ಅಕ್ಷರದಲ್ಲಿ ಎರಡು ಸಾಲು.

"ಎಂತ ಬರೆದದ್ದು?"

"ಬೇಗ ಹೊರಟು ನಡುವೆ ನಿಂತುಬಿಡುದು ನಂಗೆ ಬೇಡ, ತಡ ಆದ್ರೂ ಕೊನೇವರೆಗೆ ಹೋಗ್ಬೇಕು, ಅಂತ." ಹಾಳೆಯನ್ನು ಚೀಲಕ್ಕೆ ಹಾಕುತ್ತಾ ಸೇರಿಸಿದಳು, "ನೀನು ಹೇಳಿದ್ದಕ್ಕೆ ಅಲ್ಲ."

"ಗೊತ್ತುಂಟು," ಎಂದೆ.

ಹಾರ್ಲೆಮ್: ಕೊನೆಯ ಶನಿವಾರ

ನಾನು ಹೊರಡುವ ಮೊದಲು ಅವಳ ತರಗತಿ ಶುರುವಾಗಿ ಎರಡು ವಾರ ಕಳೆದಿತ್ತು. ಊಟದ ಮೇಜಿನ ಒಂದು ತುದಿ ಅವಳದು, ಒಂದು ತುದಿ ಅನಘಾಳದು. ಅಡುಗೆಮನೆಯ ಗೋಡೆಯ ಮೇಲೆ ಒಂದು ವಠಾರದ ಚಿತ್ರ. ಅದರ ಕೋಣೆಕೋಣೆಯಲ್ಲಿ ಡಚ್ ಶಬ್ದಗಳು ವಾಸವಾಗಿದ್ದವು. ಕೆಲವು ಶಬ್ದಗಳು ನೆನಪಿನಲ್ಲಿ ಉಳಿದವು, ಕೆಲವು ಮನೆ ಖಾಲಿ ಮಾಡಿ ಹೋದವು ಎಂದು ಅವಳೇ ಹೇಳಿದಳು. ಓದುವ ವೇಗ ಏನೂ ಹೆಚ್ಚಾಗಿರಲಿಲ್ಲ. ಆದರೆ ಮೂರನೇ ಸಾಲಿನಲ್ಲಿ ನಿಂತರೆ ಏನು ಮಾಡಬೇಕು ಎಂದು ಈಗ ಅವಳಿಗೆ ಗೊತ್ತಿತ್ತು.

ಶನಿವಾರ ಅವಳಿಗೊಂದು ಮನೆಕೆಲಸವಿತ್ತು. ಯಾರಿಗಾದರೂ ಹತ್ತು ನಿಮಿಷ ಏನಾದರೂ ಕಲಿಸಬೇಕು. ಕಲಿಯುವವರು ಎಲ್ಲಿ ತಡವರಿಸಿದರು ಎಂದು ಬರೆದು ತರಬೇಕು. ಆರೈಕೆ ವಿಭಾಗದ ಅಭ್ಯಾಸದ ಕೋಣೆಯಲ್ಲಿ ಹೊಸಬರಿಗೆಂದು ತೋರಿಸಿದ್ದ ಒಂದು ಕೆಲಸವನ್ನು ಅವಳು ಆರಿಸಿಕೊಂಡಿದ್ದಳು: ಎದ್ದೇಳಲಾರದವರು ಮಲಗಿರುವಾಗಲೇ ಹಾಸಿಗೆಯ ಬಟ್ಟೆ ಬದಲಿಸುವುದು.

"ಮಲಗು," ಎಂದಳು.

ಮಲಗಿದೆ. ಮೊದಲು ಅವಳು ಮಾಡಿ ತೋರಿಸಿದಳು. ಒಂದು ಕೈ ಹೆಗಲಿಗೆ, ಒಂದು ಕೈ ಸೊಂಟಕ್ಕೆ. ಮುಟ್ಟುವ ಮೊದಲು ಪ್ರತಿಸಲ ಡಚ್ಚಿನಲ್ಲಿ ಏನೋ ಹೇಳಿ, ನನ್ನ ಮುಖ ನೋಡಿ, ಆಮೇಲೆ ತಿರುಗಿಸುತ್ತಿದ್ದಳು. ನನ್ನ ತೂಕ ನನಗೇ ಗೊತ್ತು. ಅವಳ ಕೈಯಲ್ಲಿ ಅದು ಇಲ್ಲದ ಹಾಗೆ ಆಯಿತು. ಬೆನ್ನ ಹಿಂದೆ ಹಳೆಯ ಬಟ್ಟೆ ಸುರುಳಿಯಾಗಿ ಹೋಯಿತು, ತಣ್ಣಗಿನ ಹೊಸ ಬಟ್ಟೆ ಬಂತು. ಇದನ್ನೇ ನಾನು ಮೊದಲ ದಿನ ಮುಖ ಕಿವುಚಿ ಕೇಳಿದ್ದು. ಅದು ಪಳಗಿದ ಕೈ ಬೇಕಾದ ಕೆಲಸ ಎಂಬುದು ಅಂದು ಬೆನ್ನಿಗೆ ತಿಳಿಯಿತು.

ಆಮೇಲೆ ಅವಳು ಮಲಗಿದಳು. ನಾನು ಹೆಗಲು ಹಿಡಿದು ಎಳೆದೆ.

"ಹಾಗಲ್ಲ ಅಕ್ಕ. ಮೊದಲು ಕೇಳು, ಮತ್ತೆ ಮುಟ್ಟು."

ಕೇಳಿದೆ, ಕೇಳುತ್ತಲೇ ಎಳೆದೆ. ಅವಳು ಎದ್ದು ಕೂತು, ಕಾಗದದಲ್ಲಿ ಏನೋ ಗುರುತು ಮಾಡಿಕೊಂಡು, ಮತ್ತೆ ಮಲಗಿದಳು.

"ಕೇಳಿದ ಮೇಲೆ ಉತ್ತರ ಬರುವವರೆಗೆ ಕಾಯ್ಬೇಕು. ಅದೇ ಮುಖ್ಯ. ಅವರಿಗೆ ಸಮಯ ಬೇಕಾಗ್ತದೆ."

ಮೂರನೆಯ ಸಲ ನಾನು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡೆ. "ರೇವತಿ, ನಿನ್ನನ್ನು ಎಡಕ್ಕೆ ತಿರುಗಿಸ್ಲಾ?"

ಅವಳು ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ಸುಮ್ಮನೆ ಮಲಗಿದ್ದಳು. ಬೇಕೆಂದೇ ಮಾಡುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಕಾದೆ.

"ಹೂಂ," ಎಂದಳು.